ಉಪ್ಪುನೀರಿನಲ್ಲಿ ಉಳಿದ ಅನುಮಾನ

ಹುಬ್ಬಳ್ಳಿಯ ಸೀರೆ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಒಬ್ಬ ಗಿರಾಕಿಯ ಮುಂದೆ ಸೀರೆಗಳ ಗುಡ್ಡವೇ ಬೀಳುತ್ತಿತ್ತು. ಈಗ ಹಾಗಿಲ್ಲ. ಹೆಂಗಸರು ಬರುತ್ತಾರೆ, ಮೊದಲು ಕಣ್ಣಿಗೆ ಬಿದ್ದ ಸೀರೆಗೆ ಬೆರಳು ತೋರಿಸುತ್ತಾರೆ, ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಹೆಣ್ಣು ನೋಡಲು ಬಂದವರು ಚಹಾ ಆರುವ ಮೊದಲೇ ಹೂಂ ಎಂದೋ ಊಹೂಂ ಎಂದೋ ಕಡ್ಡಿ ಮುರಿದಂತೆ ಹೇಳಿ ಏಳುತ್ತಾರೆ. ದೇವರ ಮುಂದೆ ಕೂತು, ಹೂವು ಬಲಗಡೆ ಬೀಳಲಿ ಎಂದು ಪ್ರಸಾದ ಕೇಳುವವರು ಇಲ್ಲವಾಗಿ ಪೂಜಾರಿಗಳಿಗೆ ಮಧ್ಯಾಹ್ನದ ನಿದ್ದೆ ಚೆನ್ನಾಗಿ ಹತ್ತುತ್ತಿದೆ. ತೊಂದರೆ ಎಂದರೆ ಜಗಳದ್ದು ಒಂದೇ. ಎರಡು ಆಟೊ ಒಂದಕ್ಕೊಂದು ತಾಗಿದರೆ, ತಪ್ಪು ತನ್ನದೂ ಇದ್ದೀತು ಎಂಬ ಯೋಚನೆ ಇಬ್ಬರಲ್ಲಿ ಒಬ್ಬರಿಗೂ ಬರುವುದಿಲ್ಲ. ಬೆಳಿಗ್ಗೆ ಶುರುವಾದ ವಾದ ಸಂಜೆಯವರೆಗೂ ನಡೆಯುತ್ತದೆ, ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯುತ್ತ ನಿಂತಿರುತ್ತವೆ.

ಇಷ್ಟಕ್ಕೆಲ್ಲ ಕಾರಣ ಒಂದು ಪ್ರೋಟೀನು. ಮನುಷ್ಯನ ರಕ್ತದಲ್ಲಿ ಅಷ್ಟಿಷ್ಟು ಇರುವ ಇದು ಹೆಚ್ಚಾದರೆ ಮನಸ್ಸು ಹೊಯ್ದಾಡುತ್ತದೆ, ತೆಗೆದುಹಾಕಿದರೆ ಹೊಯ್ದಾಟ ನಿಲ್ಲುತ್ತದೆ ಎಂದು ವಿಜ್ಞಾನಿಗಳು ಕಂಡುಹಿಡಿದು, ಅದಕ್ಕೆ ದ್ವಂದ್ವಿನ್ ಎಂದು ಹೆಸರಿಟ್ಟರು. ಜನ ಅದನ್ನು ಗಸಿ ಎಂದರು. ಗಸಿ ತೆಗೆಸಿಕೊಳ್ಳುವುದಕ್ಕೆ ತಿಳಿ ಮಾಡಿಸಿಕೊಳ್ಳುವುದು ಎಂದರು. ಊರೂರಿಗೆ ತಿಳಿಕೇಂದ್ರಗಳು ಬಂದವು. ಒಮ್ಮೆ ತೆಗೆಸಿದರೆ ಮೈ ಅದನ್ನು ಮತ್ತೆ ತುಂಬಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಅಷ್ಟು ದಿನ ನೆಮ್ಮದಿ.

ಹುಬ್ಬಳ್ಳಿಯ ತಿಳಿಕೇಂದ್ರದಲ್ಲಿ ಕಂಬ ನೋಡಿಕೊಳ್ಳುವವಳು ನೀಲಾಂಬಿಕಾ. ಇಡೀ ಊರಿನ ಗಸಿ ತೆಗೆಯುವ ಈ ಹೆಂಗಸಿಗೆ ಬೆಳಿಗ್ಗೆ ಎದ್ದರೆ ಉಪ್ಪಿಟ್ಟು ಮಾಡಲೋ ಅವಲಕ್ಕಿ ಮಾಡಲೋ ಎಂಬುದೇ ದೊಡ್ಡ ಪ್ರಶ್ನೆ. ಬಾಗಿಲಿಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಜಾತಿ. ಅವಳು ತಿಳಿ ಮಾಡಿಸಿಕೊಳ್ಳುವಂತಿರಲಿಲ್ಲ. ಹಾಗೆಂದು ಕೇಂದ್ರವೇ ನಿಯಮ ಮಾಡಿತ್ತು, ಅದಕ್ಕೊಂದು ಕಾರಣವೂ ಇತ್ತು.

ಕಂಬ ಎಂದರೆ ಆಳೆತ್ತರದ ಗಾಜಿನ ಕೊಳವೆ. ಅದರೊಳಗೆ ರಾಗಿಗಿಂತ ಸಣ್ಣ ಗುಂಡುಗಳ ಹಾಸು. ಗುಂಡುಗಳ ಮೈಮೇಲೆ ಒಂದು ಲೇಪ, ಆ ಲೇಪಕ್ಕೆ ಅಂಟಿಕೊಳ್ಳುವುದು ದ್ವಂದ್ವಿನ್ ಒಂದೇ. ರಕ್ತವನ್ನು ಮೇಲಿನಿಂದ ಸುರಿದರೆ ಕೆಲಸ ಕೆಟ್ಟಿತು. ರಕ್ತಕಣಗಳು ಒತ್ತೊತ್ತಾಗಿ ಕೂತ ಗುಂಡುಗಳ ನಡುವೆ ಸಿಕ್ಕಿ ಕೊಳವೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೆಳಗಿನಿಂದ ಮೇಲಕ್ಕೆ ಹರಿಸುತ್ತಾರೆ. ಹರಿವಿನ ಬಲಕ್ಕೆ ಹಾಸು ನಿಧಾನವಾಗಿ ಏಳುತ್ತದೆ, ಹಿಗ್ಗುತ್ತದೆ, ಪಾನಕದಲ್ಲಿ ಕಾಮಕಸ್ತೂರಿ ಬೀಜ ನಿಂತ ಹಾಗೆ ಗುಂಡುಗಳು ತಮ್ಮ ತಮ್ಮ ಎತ್ತರದಲ್ಲಿ ತೇಲಿ ನಿಲ್ಲುತ್ತವೆ. ಭಾರದವು ಕೆಳಗೆ, ಹಗುರದವು ಮೇಲೆ. ನಡುವಿನ ಸಂದಿಯಲ್ಲಿ ರಕ್ತಕಣಗಳು ಸಲೀಸಾಗಿ ಹಾದುಹೋಗಿ ಮನುಷ್ಯನ ಮೈಗೆ ಮರಳುತ್ತವೆ. ಗಸಿ ಮಾತ್ರ ಗುಂಡಿಗೆ ಅಂಟಿ ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಗಟ್ಟಿ ಉಪ್ಪುನೀರು ಬಿಟ್ಟರೆ, ಉಪ್ಪು ಹೋಗಿ ಗುಂಡಿನ ಮೈಮೇಲೆ ಜಾಗ ಹಿಡಿದು ಗಸಿಯನ್ನು ಸಡಿಲಿಸುತ್ತದೆ. ಆ ನೀರನ್ನು ಚೆಲ್ಲಿಬಿಡಬೇಕು.

ಕೇಳಲು ಸುಲಭ. ಆದರೆ ಹರಿವು ಕೊಂಚ ಜೋರಾದರೆ ಗುಂಡುಗಳು ಮೇಲಿನಿಂದ ಹಾರಿಹೋಗುತ್ತವೆ, ಕೊಂಚ ಕುಗ್ಗಿದರೆ ಕುಸಿದು ಕೂರುತ್ತವೆ, ಕಂಬ ಕೂದಲೆಳೆಯಷ್ಟು ವಾಲಿದರೂ ಹಾಸಿನಲ್ಲಿ ಸುಳಿ ಏಳುತ್ತದೆ. ಮೊದಲಿದ್ದ ಆಪರೇಟರು ತಾನೂ ತಿಳಿ ಮಾಡಿಸಿಕೊಂಡಿದ್ದ. "ಹಾಸು ಬರೋಬ್ಬರಿ ಐತಿ," ಎಂದು ಒಮ್ಮೆ ಹೇಳಿದನೆಂದರೆ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಅರ್ಧ ಹಾಸು ಹಾರಿ ಕೊಳವೆಯ ಮೇಲ್ಬಾಯಿಗೆ ಕಟ್ಟಿದ್ದ ಜಾಲರಿಗೆ ಬಡಿದಾಗಲೂ ಅವನು ಹಾಗೇ ಹೇಳಿದ. ಮಲಗಿದ್ದವನ ಜೀವ ಉಳಿದದ್ದು ಆ ಜಾಲರಿಯ ಪುಣ್ಯ. ಅಂದಿನಿಂದ ಕೇಂದ್ರದ ಮುಖ್ಯಸ್ಥ ಹಂಚಿನಮನಿ ಸಾಹೇಬರು, ಕಂಬದ ಮುಂದೆ ನಿಲ್ಲುವವರ ಮೈಯಲ್ಲಿ ಗಸಿ ಇರಲೇಬೇಕು ಎಂದು ಕಟ್ಟುಮಾಡಿದರು. ಊರಿಗೆಲ್ಲ ಬೇಡವಾದ ವಸ್ತು ಇಲ್ಲಿಗೆ ಬೇಕು ಎಂಬುದರಲ್ಲಿ ಅವರಿಗೆ ವಿಚಿತ್ರವೇನೂ ಕಾಣಲಿಲ್ಲ. ಅವರೂ ತಿಳಿ ಮಾಡಿಸಿಕೊಂಡವರೇ.

ನೀಲಾಳ ಅಕ್ಕ ದಾಕ್ಷಾಯಣಿ ಡಾಕ್ಟರು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಮಂದಿ ಅವಳನ್ನು "ಇನ್ನೊಮ್ಮೆ ನೋಡೋಣ ಡಾಕ್ಟ್ರು" ಎಂದು ಕರೆಯುತ್ತಿದ್ದರು. ನೆಗಡಿ ಎಂದು ಬಂದವನ ಬೆನ್ನಿಗೂ ಕಿವಿಕೊಳವೆ ಹಚ್ಚಿ, ಒಂದೇ ಪ್ರಶ್ನೆಯನ್ನು ಮೂರು ಥರ ಕೇಳಿ, ಮನೆಗೆ ಕಳಿಸಿದ ಮೇಲೂ ಫೋನ್ ಮಾಡಿ ವಿಚಾರಿಸುವಳು. ಎಲ್ಲರೂ ತಿಳಿಯಾದ ಊರಿನಲ್ಲಿ ಇಂಥ ಡಾಕ್ಟರು ಯಾರಿಗೆ ಬೇಕು? ಆಸ್ಪತ್ರೆಯ ಮಾಲೀಕರು ಸೂಚ್ಯವಾಗಿ ಹೇಳಿದರು, ಆಮೇಲೆ ನೇರವಾಗಿಯೇ ಹೇಳಿದರು. ಅವಳಿಗೂ ಸಾಕಾಗಿತ್ತು.

"ರಾತ್ರಿ ಎಲ್ಲಾ ಪೇಷಂಟ್‌ಗೋಳ ಮಾರಿ ಕಣ್ಣಮುಂದ ಬರ್ತಾವ ನೀಲಾ," ಎಂದಿದ್ದಳು. "ಆ ಗುಳಿಗಿ ಕೊಟ್ಟಿದ್ದು ಸರಿ ಆತೋ ಇಲ್ಲೋ, ಆ ಕೂಸಿನ್ನ ಮನಿಗೆ ಕಳಿಸಬಾರದಿತ್ತೇನೋ. ಇದನ್ನ ಹೊತ್ಕೊಂಡು ಎಷ್ಟು ದಿನ ಅಂತ ತಿರಗಲಿ? ತಗದುಬಿಡು. ನೀನೇ ತಗಿ, ಬ್ಯಾರೇದವ್ರ ಕೈಯಾಗ ಬ್ಯಾಡ."

ಮಾಡಬೇಕೋ ಬೇಡವೋ ಎಂದು ನೀಲಾಗೆ ತಿಳಿಯಲಿಲ್ಲ. ತಿಳಿಯದೆಯೇ ಮಾಡಿದಳು. ಅಕ್ಕನ ರಕ್ತ ಕಂಬ ಹತ್ತಿ ಇಳಿಯಿತು. ಎದ್ದು ಕೂತ ದಾಕ್ಷಾಯಣಿ ಸೆರಗು ಸರಿಮಾಡಿಕೊಂಡು, "ಭಾಳ ಹಗರ ಆತು," ಎಂದು ಹೊರಟುಹೋದಳು. ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಮೊದಲಾಗಿದ್ದರೆ ಮೊಬೈಲು ಮರೆತೆನೇನೋ ಎಂದು ಎರಡು ಸಲ ಬರುತ್ತಿದ್ದಳು.

ಉಪ್ಪುನೀರಿನಲ್ಲಿ ಅಕ್ಕನ ಗಸಿ ಬಾಟಲಿಗೆ ಇಳಿಯುವ ಹೊತ್ತಿಗೆ ಹೊರಗೆ ದೀಪ ಹಚ್ಚುವ ಸಮಯ. ನೀಲಾ ಬಾಟಲಿ ಹಿಡಿದು ಮೋರಿಯ ಮುಂದೆ ನಿಂತಳು, ಕೈ ಬಾಗಲಿಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು ಹೊರಗೆ ಹೋಗಬಾರದು, ನೆರೆಯವರು ಕೇಳಿದರೂ ಕೊಡಬಾರದು, ಚೆಲ್ಲುವುದಂತೂ ಕೂಡದು ಎಂದು ಅವ್ವ ಇಬ್ಬರು ಹೆಣ್ಣುಮಕ್ಕಳಿಗೂ ಗದರಿ ಗದರಿ ಕಲಿಸಿದ್ದಳು. ಊರವರ ಉಪ್ಪುನೀರನ್ನು ಎಷ್ಟೋ ಸಂಜೆ ಚೆಲ್ಲಿದ್ದಾಳೆ, ಅದು ಕೇಂದ್ರದ ಉಪ್ಪು. ಇದರಲ್ಲಿ ಇರುವುದು ಮನೆಯ ಹಿರಿಮಗಳದ್ದು. ನಾಳೆ ಬೆಳಿಗ್ಗೆ ಚೆಲ್ಲಿದರಾಯಿತು ಎಂದು ಕೇಂದ್ರದ ಫ್ರಿಜ್ಜಿನಲ್ಲಿ ಇಟ್ಟಳು. ಮರುದಿನ ಶುಕ್ರವಾರ, ಉಪ್ಪೆಂದರೆ ಲಕ್ಷ್ಮಿ. ಆಚೆಗೆ ಅಮಾವಾಸ್ಯೆ. ಹೀಗೆ ಒಂದಲ್ಲ ಒಂದು ನೆವ ಸಿಕ್ಕಿ ಬಾಟಲಿ ಫ್ರಿಜ್ಜಿನ ಹಿಂದಿನ ಸಾಲಿಗೆ ಸರಿಯಿತು. ಇದು ತಪ್ಪು ಎಂದು ಅವಳಿಗೆ ಗೊತ್ತಿತ್ತು, ಸಾಹೇಬರು ನೋಡಿದರೆ ಕೆಲಸ ಹೋಗುತ್ತಿತ್ತು.

ಇದಾದ ಕೆಲವು ವಾರಕ್ಕೆ ನೀಲಾಳ ಏಳು ವರ್ಷದ ಮಗಳು ಮುಕ್ತಾ ಹೊಟ್ಟೆ ಹಿಡಿದುಕೊಂಡು ಶಾಲೆಯಿಂದ ಬಂದಳು. ಊಟ ಬೇಡವೆಂದಳು, ಒಮ್ಮೆ ವಾಂತಿ ಮಾಡಿದಳು, ಮೈ ಕಾವೇರಿತು. ದಾಕ್ಷಾಯಣಿ ಬಂದಳು. ಚಪ್ಪಲಿಯನ್ನೂ ಬಿಚ್ಚದೆ ಮಂಚದ ಪಕ್ಕ ನಿಂತು, ಹೊಟ್ಟೆಯನ್ನು ಒಂದು ಸಲ ಒತ್ತಿ, "ಹೊರಗಿಂದು ತಿಂದಾಳ. ಹೊಟ್ಟಿ ಕೆಟ್ಟೈತಿ, ಅಷ್ಟ," ಎಂದಳು.

"ಅಕ್ಕಾ, ಬಲಗಾಲು ಎಳದು ಎಳದು ನಡ್ಯಾಕತ್ತಾಳ. ಅದ್ಯಾಕ?"

"ಆಡುವಾಗ ಬಿದ್ದಿರ್ತಾಳ."

"ಬಿದ್ದಿಲ್ಲ ಅಂತಾಳ."

"ಹುಡುಗ್ರು ಹೇಳ್ತಾವೇನು? ಗುಳಿಗಿ ಕೊಡು, ನಾಳೆ ಆರಾಮಾಗ್ತಾಳ."

ನೀಲಾಳ ಗಂಡ ಶಿವಯೋಗಿ ಪಂಪುಗಳ ಕಾರ್ಖಾನೆಯಲ್ಲಿ ಫಿಟ್ಟರು. ಅವನು ಹೋದ ವರ್ಷವೇ ತಿಳಿಯಾದವನು. "ಅಕ್ಕಾರು ಹೇಳ್ಯಾರಲ್ಲ, ಮುಗೀತು," ಎಂದು ಊಟಕ್ಕೆ ಕೂತ. ಮಗಳ ಮೇಲೆ ಪ್ರೀತಿ ಇಲ್ಲದವನಲ್ಲ. ಅವಳಿಗೆಂದು ಎಳನೀರು ತಂದಿದ್ದ, ತಾನೇ ಕುಡಿಸಿದ್ದ. ಮುಗಿದದ್ದು ಮುಗಿದಿದೆ ಎಂಬುದು ಅವನಿಗೆ ಗೋಡೆಯಷ್ಟು ಖಚಿತವಾಗಿತ್ತು.

ನೀಲಾಗೆ ಮಾತ್ರ ತಲೆ ಕೆಟ್ಟುಹೋಯಿತು. ಓದಿದವಳು ಅಕ್ಕ, ಸಾವಿರ ಹೊಟ್ಟೆ ನೋಡಿದವಳು ಅಕ್ಕ. ತನಗೇನು ಗೊತ್ತು? ಮಗಳ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಅನ್ನಿಸುವುದು ನಿಜವಾಗಿಯೂ ಏನೋ ಸರಿಯಿಲ್ಲದ್ದಕ್ಕೋ, ಅಥವಾ ತನ್ನ ರಕ್ತದಲ್ಲಿ ಆ ಹಾಳು ಗಸಿ ಇರುವುದಕ್ಕೋ? ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೂ ಇದಕ್ಕೂ ಏನು ವ್ಯತ್ಯಾಸ? ಬೀಗ ಯಾವಾಗಲೂ ಹಾಕಿಯೇ ಇರುತ್ತಿತ್ತು.

ಮರುದಿನ ಅವಳು ಮಗಳನ್ನು ಎತ್ತಿಕೊಂಡು ಬೇರೊಬ್ಬ ಡಾಕ್ಟರ ಹತ್ತಿರ ಹೋದಳು. ಅವರು ನಾಲಿಗೆ ನೋಡಿ, "ಮೂತ್ರದ ಸೋಂಕು, ಬ್ಯಾರೆ ಏನಿಲ್ಲ," ಎಂದರು. ಅಕ್ಕ ಹೀಗೆಂದಳು ಎಂದರೆ, "ಅವರದು ತಪ್ಪು," ಎಂದರು. ಅಕ್ಕನಿಗೆ ಫೋನ್ ಮಾಡಿದರೆ, "ಅವರದ ತಪ್ಪು," ಎಂದಳು. ಇಬ್ಬರ ದನಿಯಲ್ಲೂ ಎಳ್ಳಷ್ಟು ಅಳುಕಿರಲಿಲ್ಲ. ಒಂದೇ ಹೊಟ್ಟೆಗೆ ಎರಡು ಖಚಿತವಾದ ರೋಗ. ಸ್ಕ್ಯಾನ್ ಮಾಡಿಸೋಣವೇ ಎಂದರೆ ಇಬ್ಬರೂ ನಕ್ಕರು. ಸ್ಕ್ಯಾನ್ ಎನ್ನುವುದು ಗೊತ್ತಿಲ್ಲದವರ ಕೆಲಸ, ನಮಗೆ ಗೊತ್ತಿದೆಯಲ್ಲ ಎಂದರು. ಡಾಕ್ಟರ ಚೀಟಿಯಿಲ್ಲದೆ ಸ್ಕ್ಯಾನಿನವರು ಬಾಗಿಲು ತೆಗೆಯುವುದಿಲ್ಲ.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಡುವೆ ನಿಂತವಳ ಗತಿ ಏನು? ದಾರಿಯಲ್ಲಿ ಕಂಡ ಗುಡಿಗೆ ಹೋಗಿ ಪ್ರಸಾದ ಕೇಳಿದಳು. ಬಹಳ ದಿನಕ್ಕೆ ಒಬ್ಬರು ಬಂದರೆಂದು ಪೂಜಾರಿ ಕಣ್ಣುಜ್ಜಿಕೊಂಡು ಎದ್ದು ಉತ್ಸಾಹದಿಂದ ಹೂವು ಏರಿಸಿದ. ಮಗಳನ್ನು ತೊಡೆಯ ಮೇಲಿಟ್ಟುಕೊಂಡು ನೀಲಾ ಕಾದೇ ಕಾದಳು. ಹೂವು ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಕೊನೆಗೆ ಪೂಜಾರಿ ಪಾಪ ಎನ್ನಿಸಿ ಫ್ಯಾನ್ ಹಾಕಲೇ ಎಂದು ಕೇಳಿದ.

ಮೂರನೆಯ ದಿನ ಬೆಳಿಗ್ಗೆ ಮುಕ್ತಾ ನರಳುವುದನ್ನು ನಿಲ್ಲಿಸಿದಳು. "ಅವ್ವಾ, ಈಗ ಬ್ಯಾನಿ ಇಲ್ಲ," ಎಂದಳು. ನೀಲಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಶಿವಯೋಗಿ, "ನಾ ಹೇಳಿದ್ದಿಲ್ಲೇನು?" ಎಂದು ನಕ್ಕ. ತಾನು ರಜೆ ಹಾಕಿ ಮಗಳ ಹತ್ತಿರ ಇರುತ್ತೇನೆ, ನೀನು ಕೆಲಸಕ್ಕೆ ಹೋಗು ಎಂದ. ಹೋಗುವ ಮುಂದೆ ನೀಲಾ ಮಗಳ ಹಣೆ ಮುಟ್ಟಿ ನೋಡಿದಳು. ಜ್ವರ ಇತ್ತು. ಮಗು ನಗಲಿಲ್ಲ, ಹೊರಳಲಿಲ್ಲ, ಸುಮ್ಮನೆ ಸೂರು ನೋಡುತ್ತ ಮಲಗಿತ್ತು. ಆರಾಮಾದ ಮಕ್ಕಳು ಹೀಗೆ ಮಲಗುತ್ತವೆಯೇ? ದಣಿದಿದ್ದರೆ ಮಲಗುತ್ತವೆ. ಅಥವಾ ಇಲ್ಲ. ಬಾಗಿಲವರೆಗೆ ಹೋಗಿ ತಿರುಗಿ ಬಂದಳು, ಮತ್ತೆ ಹೋದಳು.

ಕೇಂದ್ರದಲ್ಲಿ ಅಂದು ಒಬ್ಬ ವಕೀಲರ ಸರದಿ. ಅವರನ್ನು ಮಲಗಿಸುವ ಮುನ್ನ ಎಂದಿನಂತೆ ಬರಿಯ ನೀರು ಬಿಟ್ಟು ಹಾಸು ಏಳಿಸುತ್ತಿದ್ದಳು. ಪಂಪಿನ ಒತ್ತಡ ಏರುತ್ತ ಹೋಯಿತು. ಎಲ್ಲೋ ಕಟ್ಟಿಕೊಂಡಿದೆ. ಅವಳು ತಿರುಪು ಮುಟ್ಟುವಷ್ಟರಲ್ಲಿ ಒತ್ತಡ ತೋರಿಸುವ ಮುಳ್ಳು ಒಮ್ಮೆಲೇ ಕೆಳಗೆ ಬಿತ್ತು. ಕಂಬದ ಹಾಸು ಶಾಂತವಾಗಿ ನೆಲೆಗೆ ಇಳಿಯತೊಡಗಿತು. ಹಿಂದೆ ನಿಂತಿದ್ದ ಹಂಚಿನಮನಿ ಸಾಹೇಬರು, "ನೋಡ್ರಿ, ತಾನ ಸರಿ ಆತು," ಎಂದರು.

"ಇಲ್ರಿ ಸರ್. ನಿಧಾನಕ್ಕ ಇಳದ್ರ ಕಟ್ಟಿದ್ದು ಬಿಟ್ಟಂಗ. ಹಿಂಗ ಒಮ್ಮಿಗಲೇ ಬಿದ್ರ ಎಲ್ಲೋ ಒಡದಂಗ," ಎಂದು ಕೆಳಗೆ ಬಗ್ಗಿದಳು. ಕೊಳವೆಯ ಸಂದು ಬಿರಿದು ಮೇಜಿನ ಅಡಿಯೆಲ್ಲ ನೀರಾಗಿತ್ತು.

ಒರೆಸುತ್ತ ಒರೆಸುತ್ತ ಅವಳ ಕೈ ನಿಂತಿತು. ಮಗಳ ನೋವು ನಿಧಾನಕ್ಕೆ ಇಳಿದಿತ್ತೇ? ಇಲ್ಲ. ನಸುಕಿನಲ್ಲಿ ಮೈ ಮುದುಡಿಕೊಂಡು ಅಳುತ್ತಿದ್ದ ಮಗು ಹಾಲು ಕಾಯಿಸಿ ತರುವಷ್ಟರಲ್ಲಿ ಸುಮ್ಮನಾಗಿತ್ತು. ಹಾಗಾದರೆ? ಹಾಗಾದರೆ ಏನು, ಮಗಳ ಹೊಟ್ಟೆ ಎಂದರೆ ಪಂಪೇ? ಎಲ್ಲಿಯ ಕೊಳವೆ, ಎಲ್ಲಿಯ ಕರುಳು! ಇದನ್ನು ಯಾರಾದರೂ ಡಾಕ್ಟರಿಗೆ ಹೇಳಿದರೆ ನಗುತ್ತಾರೆ. ಅಕ್ಕನಿಗೆ ಹೇಳಿದರೂ ನಗುತ್ತಾಳೆ. ಮೊದಲಿನ ಅಕ್ಕ ನಗುತ್ತಿರಲಿಲ್ಲ. ಮೊದಲಿನ ಅಕ್ಕ ಇಷ್ಟು ಹೊತ್ತಿಗೆ ಮಗಳ ಪಕ್ಕ ಕೂತು, ಅದೇ ಪ್ರಶ್ನೆಯನ್ನು ಮೂರು ಥರ ಕೇಳುತ್ತಿದ್ದಳು.

ನೀಲಾ ಎದ್ದು ಫ್ರಿಜ್ಜಿನ ಹಿಂದಿನ ಸಾಲಿಗೆ ಕೈ ಹಾಕಿದಳು.

ಬಾಟಲಿಯ ನೀರು ತಿಳಿಯಾಗಿಯೇ ಇತ್ತು. ಆದರೆ ಇಷ್ಟು ವಾರದ ಮೇಲೆ ಅದರೊಳಗಿನ ಪ್ರೋಟೀನು ಬದುಕಿದೆಯೋ ಕೆಟ್ಟಿದೆಯೋ, ಕಣ್ಣಿಗೆ ಕಾಣುವುದಿಲ್ಲ. ಒಂದೇ ಉಪಾಯವಿತ್ತು. ನಾಲ್ಕು ಹನಿ ತೆಗೆದು ನೀರು ಬೆರೆಸಿ ಉಪ್ಪು ತಗ್ಗಿಸಿ, ಬೆರಳುದ್ದದ ಪರೀಕ್ಷೆಯ ಕೊಳವೆಯಲ್ಲಿ ಹೊಸ ಗುಂಡುಗಳ ಮೇಲೆ ಹರಿಸಿದಳು. ಕೆಟ್ಟ ಪ್ರೋಟೀನಾದರೆ ಗುಂಡು ಅದನ್ನು ಹಿಡಿಯುವುದಿಲ್ಲ, ಹಾದು ಹೊರಗೆ ಬರುತ್ತದೆ. ಹೊರಬರುವ ಪ್ರೋಟೀನನ್ನು ಅಳೆದು ತೋರಿಸುವ ಪರದೆಯ ಮೇಲಿನ ಗೆರೆಯನ್ನು ನೋಡಿದಳು. ಗೆರೆ ಏಳಲಿಲ್ಲ. ಏನೂ ಹೊರಗೆ ಬಂದಿರಲಿಲ್ಲ. ಅಕ್ಕನ ಅನುಮಾನ ಗುಂಡಿಗೆ ಬಿಗಿಯಾಗಿ ಅಂಟಿ ಕೂತಿತ್ತು. ನೀಲಾಳ ಕಣ್ಣಲ್ಲಿ ನೀರು ಬಂತು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಉಳಿದದ್ದನ್ನು ಸೋಸಿ, ಉಪ್ಪನ್ನು ರಕ್ತದ ಮಟ್ಟಕ್ಕೆ ಇಳಿಸಿ, ಸಲೈನಿನ ಚೀಲಕ್ಕೆ ತುಂಬಿದಳು. ವಕೀಲರಿಗೆ ಕೊಳವೆ ಒಡೆದಿದೆ, ನಾಳೆ ಬನ್ನಿ ಎಂದಳು. ಅದು ಸುಳ್ಳೇನೂ ಅಲ್ಲ.

ದಾಕ್ಷಾಯಣಿಯ ಕೋಣೆಯ ಮುಂದೆ ಸಾಲು ಇರಲಿಲ್ಲ, ಬಂದವರು ಬಂದಷ್ಟೇ ಬೇಗ ಹೋಗುತ್ತಿದ್ದರು. ನೀಲಾ ಒಳಗೆ ಹೋಗಿ ಬಾಗಿಲು ಹಾಕಿ, ಚೀಲವನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಚ್ಚುಮರೆ ಮಾಡಿ, ನಿದ್ದೆ ಬರುವಂಥದ್ದೇನಾದರೂ ಕುಡಿಸಿ ಸೂಜಿ ಹಾಕಿಬಿಡುವ ಯೋಚನೆ ದಾರಿಯಲ್ಲಿ ಬಂದಿತ್ತು. ಅಕ್ಕನಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

"ಇನ್ನೂ ಚೆಲ್ಲಿಲ್ಲೇನು ಅದನ್ನ?" ದಾಕ್ಷಾಯಣಿಗೆ ನಗು ಬಂತು. "ಅವ್ವನ ಮಗಳ ನೀನು."

"ಇದನ್ನ ಹಾಕ್ಕೊಂಡು ಮುಕ್ತಾನ್ನ ಒಮ್ಮೆ ನೋಡು ಅಕ್ಕಾ. ಒಮ್ಮೆ. ಆಮ್ಯಾಲೆ ಬೇಕಂದ್ರ ಮತ್ತ ತಗದುಬಿಡ್ತೀನಿ."

"ಆಕಿ ಹೊಟ್ಟಿ ಕೆಟ್ಟಿತ್ತು, ಸರಿ ಆತು. ನಾ ನೋಡೂದೇನು ಐತಿ?"

ನೀಲಾ ಬೇಡಿದಳು, ಅತ್ತಳು. ಪ್ರಯೋಜನವಾಗಲಿಲ್ಲ. ಅನುಮಾನವೇ ಇಲ್ಲದವರನ್ನು ಒಪ್ಪಿಸುವುದು ಹೇಗೆ? ಬಂಡೆಗೆ ಮೊಳೆ ಹೊಡೆದ ಹಾಗೆ. ಸೋತು ಕುರ್ಚಿಯ ಮೇಲೆ ಕೂತವಳಿಗೆ, ಗೊಂದಲದ ನಡುವೆಯೇ ಒಂದು ಮಾತು ಹೊಳೆಯಿತು.

"ಅಕ್ಕಾ, ಇದನ್ನ ಹಾಕ್ಕೊಂಡ್ರ ನಿನ್ನ ಮಾತು ಬದಲಾಗ್ತದೇನು?"

"ಯಾಕ ಬದಲಾಗ್ತದ? ಸರಿ ಇದ್ದದ್ದು ಸರೀನ ಇರ್ತದ."

"ಖರೆ ಹೇಳು. ಏನೂ ಫರಕ್ ಆಗಂಗಿಲ್ಲ?"

"ಏನಂದ್ರ ಏನೂ ಆಗಂಗಿಲ್ಲ."

"ಹಂಗಾರ ಕೈ ಕೊಡು. ಹಾಕ್ತೀನಿ. ಆಮ್ಯಾಲೂ ನೀ ಇದ ಮಾತು ಅಂದ್ರ, ನಾ ಸುಮ್ನ ಮನಿಗೆ ಹೋಗ್ತೀನಿ. ಮತ್ತ ನಿನ್ನ ಕಾಡಂಗಿಲ್ಲ."

ದಾಕ್ಷಾಯಣಿ ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸುವಂಥದ್ದೇನೂ ಅವಳಿಗೆ ಕಾಣಲಿಲ್ಲ. ತೋಳು ಮೇಲೆ ಸರಿಸಿ ಕೈ ಚಾಚಿದಳು. "ಹಾಕು. ಲಗೂ ಹಾಕು, ನಂಗ ಊಟಕ್ಕ ಹೋಗೂದೈತಿ."

ಹನಿ ಹನಿಯಾಗಿ ಇಳಿಯಿತು. ದಾಕ್ಷಾಯಣಿ ಮಾತಾಡುತ್ತಲೇ ಇದ್ದಳು. ಹೊಸ ಮನೆಗೆ ಯಾವ ಟೈಲ್ಸು, ಮಾಲೀಕರು ಎಷ್ಟು ಖುಷಿಯಾಗಿದ್ದಾರೆ, ತನಗೀಗ ಎಷ್ಟು ಚಂದ ನಿದ್ದೆ ಬರುತ್ತದೆ. ನೀಲಾ ಚೀಲವನ್ನೂ ಅಕ್ಕನ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಮಾಡಿದ್ದು ಸರಿಯೋ ತಪ್ಪೋ? ಮಗಳಿಗೆ ನಿಜವಾಗಿಯೂ ಏನೂ ಇಲ್ಲದಿದ್ದರೆ, ನೆಮ್ಮದಿಯಾಗಿದ್ದ ಅಕ್ಕನ ಮೈಗೆ ಹಳೆಯ ಸಂಕಟವನ್ನು ತಿರುಗಿ ತುಂಬಿದ ಪಾಪ ತನ್ನದು. ಏನಾದರೂ ಇದ್ದರೆ? ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಚೀಲ ಅರ್ಧ ಆಗಿತ್ತು. "ಕರಿ ಟೈಲ್ಸು ಹಾಕಸೂದ ಸರಿ, ಯಾಕಂದ್ರ..." ಎಂದ ದಾಕ್ಷಾಯಣಿ ಅಲ್ಲಿಗೇ ನಿಂತಳು. ಹುಬ್ಬು ಕೂಡಿದವು. ಮೇಜಿನ ಮೇಲಿನ ಪೆನ್ನನ್ನು ಎತ್ತಿಟ್ಟಳು, ಮತ್ತೆ ತೆಗೆದು ಮೊದಲಿದ್ದಲ್ಲೇ ಇಟ್ಟಳು.

"ನೀಲಾ."

"ಹೂಂ ಅಕ್ಕಾ."

"ಬ್ಯಾನಿ ಹೋತು ಅಂದಿ. ಹೆಂಗ ಹೋತು? ನಿಧಾನಕ್ಕೋ, ಒಮ್ಮಿಗಲೇನೋ?"

"ಒಮ್ಮಿಗಲೇ."

"ಜ್ವರ?"

"ಐತಿ."

"ಕಾಲು... ಬಲಗಾಲು ಎಳೀತಿದ್ಲು ಅಂದಿದ್ದಿ, ಹೌದಿಲ್ಲೋ? ಬಲಗಾಲ ಅಲ್ಲ?" ದಾಕ್ಷಾಯಣಿಯ ದನಿ ಸಣ್ಣದಾಯಿತು. "ನಾ ಹೊಟ್ಟಿ ಒತ್ತಿ ಕೈ ತಗದಾಗ ಆಕಿ ಚೀರಿದ್ಲೇನು? ನೀಲಾ, ನನಗ ನೆನಪಿಲ್ಲ. ನಾ ಆಕಿ ಮಾರೀನ ನೋಡಿಲ್ಲ." ಸೂಜಿಯನ್ನು ತಾನೇ ಕಿತ್ತು ಹತ್ತಿ ಒತ್ತಿಕೊಂಡು ಎದ್ದು ನಿಂತಳು. "ಅದು ಅಪೆಂಡಿಕ್ಸ್ ಇರಬಹುದು. ಒಡದಿರಬಹುದು. ಒಡದಾಗ ಬ್ಯಾನಿ ತಟಕ್ಕನ ಹೋಗ್ತದ, ಆಮ್ಯಾಲೆ ವಿಷ ಏರ್ತದ. ಅಲ್ಲದೂ ಇರಬಹುದು. ನನಗ ಗೊತ್ತಿಲ್ಲವ್ವ. ಗೊತ್ತಾಗವಲ್ದು. ನಡಿ, ಮೊದಲ ಆಕಿನ್ನ ಕರಕೊಂಡು ಬರೂಣು."

ಎಷ್ಟು ದಿನದ ಮೇಲೆ ಆ ಊರಿನಲ್ಲಿ ಒಬ್ಬ ಡಾಕ್ಟರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಬಂದಿತ್ತೋ. ಆ ಮಾತು ಕೇಳಿ ನೀಲಾಗೆ ಅಕ್ಕನನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು. ಆದರೆ ಅಕ್ಕ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು, ಅರ್ಧ ದಾರಿಯಲ್ಲಿ ತಿರುಗಿ ಬಂದು ಮೇಜಿನ ಮೇಲೆ ಮರೆತ ಮೊಬೈಲು ತೆಗೆದುಕೊಂಡಳು.

ಸ್ಕ್ಯಾನಿನಲ್ಲಿ ಎಲ್ಲವೂ ಕಂಡಿತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವು ಹರಡಲು ಶುರುವಾಗಿತ್ತು. ಸರ್ಜನ್ನರು ತಿಳಿ ಮಾಡಿಸಿಕೊಂಡವರು. ಪರದೆ ನೋಡಿದವರೇ, "ಈಗಲೇ ಕೊಯ್ಯಬೇಕು," ಎಂದು ಒಳಗೆ ಹೋದರು. ಕೊಯ್ಯುವವನಿಗೆ ಅನುಮಾನ ಇಲ್ಲದಿರುವುದೇ ಒಳ್ಳೆಯದೇನೋ ಎಂದು ನೀಲಾಗೆ ಅನ್ನಿಸಿತು. ಹಾಗಾದರೆ ತಿಳಿಯಾಗುವುದು ಒಳ್ಳೆಯದೋ ಕೆಟ್ಟದ್ದೋ? ಅದೂ ಬಗೆಹರಿಯಲಿಲ್ಲ.

ಶಿವಯೋಗಿ ಗೋಡೆಗೆ ಒರಗಿ ನಿಂತಿದ್ದ. "ಆರಾಮಾಗ್ತಾಳ," ಎಂದ. ಬೆಳಿಗ್ಗೆಯೂ ಇದೇ ದನಿಯಲ್ಲಿ ಹೇಳಿದ್ದ. ಪಾಪ, ಅವನಿಗೆ ಬೇರೆ ದನಿ ಇರಲಿಲ್ಲ. ಆದರೆ ಅವನ ಕೈಯಲ್ಲಿದ್ದ ಮಗಳ ಚಪ್ಪಲಿಗಳನ್ನು ಅವನು ಎಲ್ಲಿಯೂ ಕೆಳಗಿಡಲಿಲ್ಲ.

ಸರ್ಜನ್ನರು ಹೊರಗೆ ಬಂದು, "ತೊಳದು ಸ್ವಚ್ಛ ಮಾಡೀನಿ, ಇನ್ನ ಚಿಂತಿಲ್ಲ," ಎಂದು ಹೇಳಿ ಹೋದರು. ಶಿವಯೋಗಿ ಕೈಮುಗಿದ. ನೀಲಾ ಅಕ್ಕನ ಮುಖ ನೋಡಿದಳು.

"ನಂಗೂ ಹಂಗ ಅನಸ್ತದ," ಎಂದಳು ದಾಕ್ಷಾಯಣಿ. "ಆದ್ರ ನಾ ಆಕಿ ಹತ್ರನ ಕೂಡ್ತೀನಿ. ಜ್ವರ ಇಳಿಯೂತನಕ ಎಲ್ಲೂ ಹೋಗಂಗಿಲ್ಲ." ಹಾಗೆಯೇ ಕೂತಳು. ಚಪ್ಪಲಿ ಬಿಚ್ಚಿ, ಮಂಚದ ಅಂಚಿನಲ್ಲಿ, ಮಗುವಿನ ಮಣಿಕಟ್ಟು ಹಿಡಿದು. ಮರುದಿನ ಬೆಳಿಗ್ಗೆ ಮುಕ್ತಾ ಕಣ್ಣು ತೆರೆದು ದೊಡ್ಡವ್ವನನ್ನು ನೋಡಿ, ಮೊದಲು ನೀರು ಕೇಳಿದಳು, ಆಮೇಲೆ ಚುರುಮುರಿಯ ಗಿರ್ಮಿಟ್ ಕೇಳಿದಳು. ಶಿವಯೋಗಿ ತರಲು ಹೊರಟೇಬಿಟ್ಟಿದ್ದ, ಇಬ್ಬರೂ ಸೇರಿ ತಡೆಯಬೇಕಾಯಿತು.

ಮಗು ಮತ್ತೆ ನಿದ್ದೆ ಹೋಯಿತು. ನೀಲಾ ಅಕ್ಕನ ಪಕ್ಕ ಸರಿದು ಕೂತು, ಮೆಲ್ಲಗೆ ಕೇಳಿದಳು. "ಅಕ್ಕಾ, ಮತ್ತ ತಗೀಲೇನು? ನಾ ಮಾತು ಕೊಟ್ಟಿದ್ದೆ."

ದಾಕ್ಷಾಯಣಿ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಬಣ್ಣ ಇರಲಿಲ್ಲ.

"ನೀಲಾ, ಇಷ್ಟು ವಾರದಾಗ ನಾ ಎಷ್ಟು ಮಂದಿಗೆ ಏನಿಲ್ಲ ಹೋಗ್ರಿ ಅಂದೀನಿ?"

ಅಕ್ಕನ ಕಣ್ಣಮುಂದೆ ಆ ಮುಖಗಳೆಲ್ಲ ಒಂದೊಂದಾಗಿ ಬರುತ್ತಿದ್ದವು, ಅದು ನೀಲಾಗೆ ಕಂಡಿತು. ಎದೆ ಉರಿ ಎಂದು ಬಂದಿದ್ದ ಬಸ್ ಕಂಡಕ್ಟರು. ತಲೆ ಸುತ್ತುತ್ತದೆ ಎಂದಿದ್ದ ಬಸುರಿ. ಹಾಲು ಕುಡಿಯದ ಒಂದು ಕೂಸು. ಅವರನ್ನು ಕಳಿಸಿದವಳು ಆ ಹಗುರಾದ ಅಕ್ಕ. ಈಗ ಹೊರಬೇಕಾದವಳು ಈ ಅಕ್ಕ. ಈ ಭಾರವನ್ನು ಅವಳ ಮೈಗೆ ತಿರುಗಿ ಇಳಿಸಿದ ಕೈ ತನ್ನದೇ.

ದಾಕ್ಷಾಯಣಿ ಒಂದು ಕೈಯಲ್ಲಿ ಮಗುವಿನ ಮಣಿಕಟ್ಟನ್ನು ಹಿಡಿದೇ ಇದ್ದಳು. ಇನ್ನೊಂದು ಕೈಯಿಂದ ಮೊಬೈಲು ತೆಗೆದಳು. ಒಂದು ನಂಬರು ಒತ್ತಿದಳು, ಸರಿಯಾದದ್ದೇ ಒತ್ತಿದೆನೇ ಎಂದು ಇನ್ನೊಮ್ಮೆ ನೋಡಿಕೊಂಡಳು. ಆಚೆಯಲ್ಲಿ ರಿಂಗಾಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

"ಹಲೋ, ನಾನು ಡಾಕ್ಟರ್ ದಾಕ್ಷಾಯಣಿ. ನಿಮ್ಮ ಮನಿಯವ್ರಿಗೆ ಎದಿ ಉರಿ ಅಂತ ಬಂದಿದ್ರಲ್ಲ, ಅವರು ಹೆಂಗದಾರ್ರೀ ಈಗ?" ಮೊಬೈಲನ್ನು ಕಿವಿಗೆ ಒತ್ತಿಕೊಂಡಳು. "ಅವತ್ತ ನಾ ಏನಿಲ್ಲ ಅಂದಿದ್ದೆ. ಅದು ಸರಿ ಇತ್ತೋ ಇಲ್ಲೋ ನನಗ ಗೊತ್ತಿಲ್ರಿ. ಇನ್ನೊಮ್ಮೆ ನೋಡೋಣ, ಕರಕೊಂಡು ಬರ್ರಿ."